ಸೀಟು ಸರಿಸಿದವರು ಯಾರು

ನನ್ನ ತಮ್ಮ ಅನುಮಾನದ ಪ್ರಾಣಿ. ಬೈಗುಳವಾಗಿ ಹೇಳುತ್ತಿಲ್ಲ, ಒಬ್ಬರ ಎತ್ತರ, ಮೈಬಣ್ಣ ಹೇಳುವಂತೆ ಹೇಳುತ್ತಿದ್ದೇನೆ. ಹಾಲಿಗೆ ನೀರು ಬೆರೆಸಿದ್ದಾರೆ ಎಂದು ಅವನಿಗೆ ಅನುಮಾನ. ಹಾಲು ಗಟ್ಟಿಯಾಗಿದ್ದರೆ ಇವತ್ತು ಯಾಕೆ ಬೆರೆಸಲಿಲ್ಲ ಎಂದು ಇನ್ನೊಂದು ಅನುಮಾನ. ಬಸ್ಸಿನಲ್ಲಿ ಯಾರಾದರೂ ಎದ್ದು ಜಾಗ ಕೊಟ್ಟರೆ, ಸೀಟಿನಲ್ಲಿ ಏನೋ ಐಬಿರಬೇಕೆಂದು ಬಗ್ಗಿ ನೋಡಿಯೇ ಕೂರುವ ಆಸಾಮಿ. ನಾನು ಅವನ ಅಕ್ಕ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವಳು, ಅವನ ಮನೆಯ ಮಹಡಿಯ ಕೋಣೆಯಲ್ಲಿ ಇರುವವಳು. ನಾನು ಕೊಟ್ಟ ಜ್ವರದ ಮಾತ್ರೆಯನ್ನೂ ತಿರುಗಿಸಿ ಮುರುಗಿಸಿ ನೋಡಿ, ‘ಇದು ಅದೇನಾ?’ ಎಂದು ಕೇಳಿಯೇ ನುಂಗುತ್ತಾನೆ. ನನ್ನ ಪಿತ್ತ ನೆತ್ತಿಗೇರುವುದು ಅಲ್ಲೇ.

ಆದರೆ ಅವನಿಗೆ ಅನ್ನ ಹಾಕಿದ್ದೂ ಅದೇ ಗುಣ ಎನ್ನಬೇಕು. ಅವನು ದರ್ಜಿ. ಕೋಟು, ಪ್ಯಾಂಟು, ಸೂಟು ಹೊಲಿಯುವವನು. ಗಿರಾಕಿ ಬಂದು, ‘ನನ್ನ ಸೊಂಟ ಇಷ್ಟೇ, ಬರ್ಕೊಳ್ಳಿ’ ಎಂದರೆ ಇವನು ಬರೆದುಕೊಳ್ಳುವವನಲ್ಲ. ‘ಹೌದಾ ಸಾರ್, ಬಹಳ ಸಂತೋಷ, ಸ್ವಲ್ಪ ಕೈ ಎತ್ತಿ’ ಎಂದು ಟೇಪು ಸುತ್ತಿಯೇ ಬಿಡುತ್ತಾನೆ. ತನ್ನ ಸೊಂಟದ ವಿಷಯದಲ್ಲಿ ನಿಜ ಹೇಳಿದ ಗಂಡಸನ್ನು ತಾನು ಇವತ್ತಿನವರೆಗೂ ನೋಡಿಲ್ಲವಂತೆ. ‘ಬಾಯಿ ಏನು ಬೇಕಾದ್ರೂ ಹೇಳುತ್ತೆ ಅಕ್ಕಾ, ಟೇಪಿಗೆ ಬಾಯಿಲ್ಲ’ ಎನ್ನುತ್ತಿದ್ದ. ಅವನು ಪೂರ್ತಿ ನಂಬಿದ್ದು ಎಂದರೆ ಆ ಟೇಪನ್ನು ಮಾತ್ರ.

ಅಂಗಡಿ ಅಪ್ಪನದು. ಮುಖ್ಯ ರಸ್ತೆಯಲ್ಲಿ, ಔಷಧದ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಇಕ್ಕಟ್ಟಾಗಿ ನಿಂತಿದೆ. ಮುಂದೆ ಆಳೆತ್ತರದ ಕನ್ನಡಿ, ಪರದೆ ಹಾಕಿದ ಟ್ರಯಲ್ ಮೂಲೆ, ಎರಡು ಮಿಷನ್ನು. ಹಿಂದೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಆ ಮೇಜಿನವನು ಉದ್ದಣ್ಣ, ಗಿರಾಕಿಗಳ ಬಾಯಲ್ಲಿ ಕಟಿಂಗ್ ಮಾಸ್ಟರ್. ಹೆಸರು ಬೇರೆ ಇದೆ, ಆದರೆ ಹುಡುಗನಾಗಿದ್ದಾಗಲೇ ಬಾಗಿಲ ಚೌಕಟ್ಟಿಗೆ ತಲೆ ತಾಗಿಸಿಕೊಳ್ಳುತ್ತಿದ್ದವನಿಗೆ ಬೇರೆ ಹೆಸರು ಯಾಕೆ? ಇಬ್ಬರೂ ಅಪ್ಪನ ಹತ್ತಿರವೇ ಕೆಲಸ ಕಲಿತರು. ಅಪ್ಪ ಹೋದ ಮೇಲೆ ಅಂಗಡಿ ತಮ್ಮನಿಗೆ ಬಂತು, ಕತ್ತರಿಸುವ ಮೇಜು ಉದ್ದಣ್ಣನಿಗೆ ಉಳಿಯಿತು. ತಮ್ಮ ಅಳತೆ ತೆಗೆದು ಕೂಗುತ್ತಾನೆ, ಉದ್ದಣ್ಣ ಗೆರೆ ಹಾಕಿ ಕತ್ತರಿಸುತ್ತಾನೆ, ತಮ್ಮ ಹೊಲಿಯುತ್ತಾನೆ. ಒಬ್ಬನಿಲ್ಲದೆ ಇನ್ನೊಬ್ಬನ ಕೆಲಸ ನಡೆಯುವುದಿಲ್ಲ. ನನ್ನನ್ನು ಅವನೂ ಅಕ್ಕಾ ಎಂದೇ ಕರೆಯುತ್ತಾನೆ. ನಿಜ ಹೇಳಬೇಕೆಂದರೆ ನನ್ನ ಮಾತಿಗೆ ತಮ್ಮನಿಗಿಂತ ಅವನೇ ಹೆಚ್ಚು ಬೆಲೆ ಕೊಡುತ್ತಾನೆ.

ಕಾರಿನ ಹುಚ್ಚು ತಮ್ಮನಿಗೆ ಹತ್ತಿದ್ದು ಗಿರಾಕಿಗಳಿಂದ. ಸೂಟು ಹೊಲಿಸುವ ದೊಡ್ಡ ಮನುಷ್ಯರು ಅಂಗಡಿ ಮುಂದೆ ದೊಡ್ಡ ಕಾರಿನಿಂದ ಇಳಿಯುತ್ತಿದ್ದರು. ಅವರು ಹೊರಟು ನಿಂತಾಗ ಇವನು ಮೆಟ್ಟಿಲವರೆಗೂ ಹೋಗುತ್ತಿದ್ದ. ಎಷ್ಟು ಮರ್ಯಾದಸ್ಥ ಎಂದುಕೊಳ್ಳುತ್ತಿದ್ದರು ಪಾಪ. ಇವನು ಹೋಗುತ್ತಿದ್ದದ್ದು ಆ ಜರ್ಮನ್ ಕಾರಿನ ಬಾಗಿಲು ಮುಚ್ಚುವ ಸದ್ದು ಕೇಳಲು. ‘ನಮ್ಮ ಕಾರುಗಳ ಬಾಗಿಲು ಡಬ್ಬಾ ಬಡಿದ ಹಾಗೆ ಬಡಿಯುತ್ತೆ ಅಕ್ಕಾ. ಅದು ನೋಡು, ಧಪ್ ಅನ್ನುತ್ತೆ, ಅಷ್ಟೇ. ಆಮೇಲೆ ಏನೂ ಇಲ್ಲ’ ಎಂದು ಊಟದ ಹೊತ್ತಿನಲ್ಲೆಲ್ಲ ಅದೇ ಪಾರಾಯಣ. ಹೊಸದು ನಮ್ಮಂಥವರ ಕೈಗೆ ಎಟುಕುವುದಲ್ಲ. ಹಳೆಯದೊಂದನ್ನು ದಲ್ಲಾಳಿಯೊಬ್ಬ ತೋರಿಸಿದ. ಕಪ್ಪು ಬಣ್ಣ, ಉದ್ದ ಮೂತಿ, ಸಾಹೇಬರು ಹಿಂದೆ ಕೂತು ಪೇಪರು ಓದಿಕೊಂಡು ಹೋಗುವಂಥದ್ದು. ನಾನೂ ಜೊತೆಗೆ ಹೋಗಿದ್ದೆ.

‘ಯಾರ ಗಾಡಿ ಇದು?’ ಎಂದು ಕೇಳಿದ ತಮ್ಮ.

‘ಒಬ್ರು ದೊಡ್ಡ ಡಾಕ್ಟ್ರದ್ದು ಸಾರ್. ಹೂವಿನ ಹಾಗೆ ಇಟ್ಕೊಂಡಿದ್ರು.’

‘ಹೂವಿನ ಹಾಗೆ ಇಟ್ಕೊಂಡೋರು ಮಾರಿದ್ಯಾಕೆ?’

‘ಹೊಸದು ತಗೊಂಡ್ರಲ್ಲ ಸಾರ್.’

‘ಇದು ಚೆನ್ನಾಗಿದ್ದಿದ್ರೆ ಹೊಸದ್ಯಾಕೆ ತಗೋತಿದ್ರು?’

ದಲ್ಲಾಳಿ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಹಳೇ ಗಾಡಿ ಮಾರುವವರ ಬಾಯಲ್ಲಿ ಎಲ್ಲ ಕಾರುಗಳೂ ಡಾಕ್ಟರದ್ದೇ. ಡಾಕ್ಟರುಗಳು ಗಾಡಿ ಇಟ್ಟುಕೊಳ್ಳುವ ಚಂದ ನನಗೇನು ಗೊತ್ತಿಲ್ಲವೇ? ನನ್ನ ತಮ್ಮನೋ ಕಾಲಡಿಯ ಚಾಪೆ ಎತ್ತಿ, ನೀರು ನುಗ್ಗಿದ ಗಾಡಿಯೋ ಎಂದು ಮೂಸಿ ನೋಡಿದ. ಜೇಬಿನಿಂದ ಅಯಸ್ಕಾಂತ ತೆಗೆದು, ತಗಡಿನ ಮೇಲೆ ಎಲ್ಲಾದರೂ ಗುದ್ದಿದ ಗುರುತು ಮುಚ್ಚಲು ಪುಟ್ಟಿ ಮೆತ್ತಿದ್ದಾರೋ ಎಂದು ಸುತ್ತಲೂ ಅಂಟಿಸಿ ನೋಡಿದ. ಏನೂ ಸಿಗದಿದ್ದಾಗ ಅವನ ಮುಖ ಇನ್ನೂ ಗಂಟಾಯಿತು. ಕೊನೆಗೆ ಸೀಟಿನ ಚರ್ಮದ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿದ. ಒಂದೊಂದು ಹೊಲಿಗೆಗೂ ಒಂದೇ ಅಂತರ, ಎಲ್ಲೂ ದಾರ ಬಿಗಿದಿಲ್ಲ, ಎಲ್ಲೂ ಸಡಿಲಾಗಿಲ್ಲ. ‘ಇದನ್ನ ಹೊಲಿದೋನು ಕಳ್ಳನಲ್ಲ ಅಕ್ಕಾ’ ಎಂದ. ಅವನು ಕಾರು ಕೊಂಡದ್ದು ಎಂಜಿನ್ ನೋಡಿ ಅಲ್ಲ, ಹೊಲಿಗೆ ನೋಡಿ.

ಕಾರು ಮನೆ ಮುಂದೆ ಬಂದು ನಿಂತ ಮೇಲೆ ಸುತ್ತಲಿನವರಿಗೆ ಇವನ ಮೇಲೆ ಅನುಮಾನ ಶುರುವಾಯಿತು. ದರ್ಜಿಗೆ ಇಷ್ಟು ದೊಡ್ಡ ಕಾರು ಎಲ್ಲಿಂದ ಬಂತು ಎಂದು ಔಷಧದ ಅಂಗಡಿಯವನು ಕನ್ನಡಕದ ಅಂಗಡಿಯವನನ್ನು ಕೇಳಿದ. ಅವನು ನನ್ನನ್ನೇ ಕೇಳಿದ. ‘ನಿಮ್ಮ ಪ್ಯಾಂಟು ಹೊಲಿದು ಹೊಲಿದು ಬಂತು’ ಎಂದೆ. ತಮ್ಮನಿಗೆ ಅದರ ಗೊಡವೆಯಿರಲಿಲ್ಲ. ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನನ್ನು ಹಿಂದೆ ಹಾಕಿಕೊಂಡು, ಊರ ಹೊರಗಿನ ದೊಡ್ಡ ರಸ್ತೆಗೆ ಹೋಗುತ್ತಿದ್ದ. ಸ್ಟೀರಿಂಗನ್ನು ಎರಡು ಬೆರಳಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಓಡಿಸುತ್ತಿದ್ದ. ಒಳಗೆ ಕೂತರೆ ಹೊರಗಿನ ಗಲಾಟೆಯೆಲ್ಲ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಲಾರಿಯೊಂದು ಪಕ್ಕದಲ್ಲೇ ಹೋದರೂ ಸದ್ದಿಲ್ಲ. ಆಗ ಮಾತ್ರ ನನ್ನ ತಮ್ಮನ ಹುಬ್ಬಿನ ಗಂಟು ಸಡಿಲವಾಗುತ್ತಿತ್ತು. ಅವನು ಸುಖವಾಗಿದ್ದದ್ದನ್ನು ನಾನು ನೋಡಿದ್ದು ಅಪರೂಪ, ಅದಕ್ಕೇ ಆ ಕಾರಿನ ಮೇಲೆ ನನಗೂ ಅಕ್ಕರೆ ಹುಟ್ಟಿತ್ತು.

ಭಾನುವಾರದ ಸವಾರಿಗೆ ಒಂದು ಕೆಲಸವೂ ಅಂಟಿಕೊಂಡಿತು. ಹೊಲಿದು ಮುಗಿದ ಸೂಟುಗಳನ್ನು ಗಿರಾಕಿಗಳ ಮನೆಗೇ ತಲುಪಿಸುವುದು. ಶನಿವಾರ ಮಧ್ಯಾಹ್ನ ಉದ್ದಣ್ಣ ಸೂಟುಗಳನ್ನು ಅಂಗಡಿಯಿಂದ ನಮ್ಮ ಮನೆಗೆ ತರುತ್ತಿದ್ದ. ತಮ್ಮನ ಹೆಂಡತಿ ಗುಂಡಿ ಹಾಕಿ, ಇಸ್ತ್ರಿ ಮಾಡಿ, ಕಾರಿನ ಹಿಂದಿನ ಸೀಟಿನಲ್ಲಿ ಮಡಿಕೆ ಬೀಳದಂತೆ ಮಲಗಿಸುತ್ತಿದ್ದಳು. ಅದಕ್ಕೆಂದೇ ಎರಡನೇ ಕೀಲಿ ಬಾಗಿಲ ಪಕ್ಕದ ಮೊಳೆಗೆ ತೂಗುತ್ತಿತ್ತು. ಮೊದಲನೇ ಕೀಲಿ ತಮ್ಮನ ಜೇಬಿನದು, ಅದನ್ನು ಯಾರೂ ಮುಟ್ಟುವಂತಿಲ್ಲ. ಎರಡರಲ್ಲಿ ಯಾವ ಕೀಲಿಯ ಗುಂಡಿ ಒತ್ತಿದರೂ ಕಾರು ತಾನೇ ತೆರೆದುಕೊಳ್ಳುತ್ತದೆ. ಆದರೆ ಕೀಲಿಯಿಂದ ಹೊರಡುವ ಅಲೆಯನ್ನು ಕಳ್ಳರು ಗಾಳಿಯಲ್ಲೇ ಹಿಡಿದುಬಿಡುತ್ತಾರೆ ಎಂದು ಇವನು ಫೋನಿನಲ್ಲಿ ಎಲ್ಲೋ ನೋಡಿದ್ದ. ನೋಡಿದವನೇ ತನ್ನ ಕೀಲಿಯ ಬ್ಯಾಟರಿ ಕಿತ್ತು ಎಸೆದ. ಅಂದಿನಿಂದ ಅಷ್ಟು ದೊಡ್ಡ ಕಾರನ್ನು ಮನೆಯ ಬೀಗ ತೆಗೆದಂತೆ ಲೋಹದ ಕೀಲಿ ತಿರುಗಿಸಿಯೇ ತೆಗೆಯುತ್ತಿದ್ದ. ನಾನು ನಕ್ಕೆ. ‘ನಗು ನೀನು. ಹೋದ ಮೇಲೆ ಗೊತ್ತಾಗುತ್ತೆ’ ಎಂದ.

ಒಂದು ಭಾನುವಾರ ಅವನು ಕಾರಿಗೆ ಹತ್ತಿದವನು ಹಾಗೇ ಇಳಿದು ಬಂದ. ‘ಅಕ್ಕಾ, ಸೀಟು ಹಿಂದಕ್ಕೆ ಹೋಗಿದೆ’ ಎಂದ.

‘ಮುಂದಕ್ಕೆ ಎಳ್ಕೋ. ಅದಕ್ಕ್ಯಾಕೆ ನನ್ನ ಕರೀತೀಯ?’

‘ನನ್ನ ಕಾಲು ಪೆಡಲ್ಲಿಗೆ ಎಟುಕ್ತಿಲ್ಲ. ಕನ್ನಡೀಲಿ ರಸ್ತೆ ಬದಲು ಆಕಾಶ ಕಾಣ್ತಿದೆ. ನನ್ನ ಸೀಟಲ್ಲಿ ಯಾರೋ ಕೂತಿದ್ದಾರೆ.’

ಹೆಂಡತಿಯನ್ನು ಕೇಳಿದ. ‘ಮುಂದಿನ ಸೀಟು ಮುಟ್ಟಿದ್ಯಾ?’ ಅವಳು ಅಡುಗೆಮನೆಯಿಂದಲೇ, ‘ಇಲ್ವಲ್ಲ’ ಎಂದಳು. ಅಲ್ಲಿಗೆ ಮುಗಿಯಬೇಕಿತ್ತು. ಮುಂದಿನ ಭಾನುವಾರವೂ ಸೀಟು ಹಿಂದಕ್ಕೆ ಹೋಗಿತ್ತು. ಅದರ ಮುಂದಿನ ಭಾನುವಾರವೂ ಅದೇ. ಹೆಂಡತಿಯನ್ನು ಅವನು ಮತ್ತೆ ಕೇಳಲಿಲ್ಲ. ಅವಳು ಗಿಡ್ಡ, ಸೀಟು ಹಿಂದೆ ತಳ್ಳಿಕೊಂಡರೆ ಸ್ಟೀರಿಂಗೇ ಕೈಗೆ ಸಿಗುವುದಿಲ್ಲ. ಇದು ಉದ್ದ ಕಾಲಿನವರ ಕೆಲಸ ಎಂದು ಅವನು ಆಗಲೇ ತೀರ್ಮಾನಿಸಿದ್ದ. ಶನಿವಾರ ಕಾರಿನ ಓಟದ ಮೀಟರು ನೋಡಿಟ್ಟುಕೊಂಡ. ಭಾನುವಾರ ನೋಡಿದರೆ ಅದು ಇದ್ದಲ್ಲೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ನೆಮ್ಮದಿಯ ಉಸಿರು ಬಿಡುತ್ತಿದ್ದರು. ಇವನಿಗೆ ಅದರಿಂದಲೇ ನಿದ್ದೆ ಹಾರಿಹೋಯಿತು.

‘ಓಡಿಸಿಲ್ಲ ಅಕ್ಕಾ, ಕೂತಿದ್ದಾನೆ. ಸುಮ್ನೆ ಕೂತ್ಕೊಂಡು ಹೋಗ್ತಾನೆ. ಓಡಿಸಿದ್ದಿದ್ರೆ ಆಸೆ ಅನ್ನಬಹುದಿತ್ತು. ನನ್ನ ಜಾಗದಲ್ಲಿ ಸುಮ್ನೆ ಕೂರೋನಿಗೆ ಏನನ್ನಬೇಕು?’

‘ಯಾರೋ ಅವನು?’ ಎಂದೆ.

ಅವನು ಎದ್ದು ಹೋದ. ಅಂದು ಮಧ್ಯಾಹ್ನ ನಾನು ಮಹಡಿಯ ಕಿಟಕಿಯಿಂದ ನೋಡುತ್ತೇನೆ, ಕೊರಳಲ್ಲಿ ಟೇಪು ಹಾಕಿಕೊಂಡು ಕಾರಿನೊಳಗೆ ಮಂಡಿಯೂರಿದ್ದಾನೆ! ಸೀಟಿನ ತುದಿಯಿಂದ ಪೆಡಲ್ಲಿಗೆ ಎಷ್ಟು, ಬೆನ್ನಿನ ಒರಗಿನಿಂದ ಸ್ಟೀರಿಂಗಿಗೆ ಎಷ್ಟು, ಕನ್ನಡಿ ಎಷ್ಟು ಎತ್ತರದ ಕಣ್ಣಿಗೆ ಸರಿಹೊಂದುತ್ತದೆ, ಎಲ್ಲವನ್ನೂ ಅಳೆಯುತ್ತಿದ್ದ. ಇಲ್ಲದ ಮನುಷ್ಯನೊಬ್ಬನನ್ನು ಆ ಖಾಲಿ ಸೀಟಿನಲ್ಲಿ ಕೂರಿಸಿ ಅವನ ಅಳತೆ ತೆಗೆಯುತ್ತಿದ್ದ. ದರ್ಜಿ ಅಲ್ಲದೆ ಬೇರೆ ಯಾರಿಗಾದರೂ ಇಂಥ ಬುದ್ಧಿ ಹೊಳೆಯುತ್ತದೆಯೇ? ನನಗೆ ನಗು ಬಂತು. ನಕ್ಕು ಕಿಟಕಿ ಮುಚ್ಚಿಕೊಂಡೆ.

ಆ ವಾರವೇ ನಾನು ಏನೋ ಕೆಲಸಕ್ಕೆ ಅಂಗಡಿಗೆ ಹೋಗಿದ್ದೆ. ತಮ್ಮ ಎಂದೂ ಇಲ್ಲದ ಸಿಹಿ ದನಿಯಲ್ಲಿ, ‘ಲೋ ಉದ್ದ, ಬಾ ಇಲ್ಲಿ. ಊರಿಗೆಲ್ಲ ಕೋಟು ಕತ್ತರಿಸಿದೆ, ನಿನಗೊಂದು ಕೋಟಿಲ್ವಲ್ಲೋ. ನಾನು ಹೊಲಿದು ಕೊಡ್ತೀನಿ. ನಿಲ್ಲು, ಅಳತೆ ತಗೋತೀನಿ’ ಎಂದ. ಉದ್ದಣ್ಣ ಕತ್ತರಿ ಕೆಳಗಿಟ್ಟ. ‘ನಂಗ್ಯಾಕೋ ಕೋಟು? ಎಲ್ಲಿಗೆ ಹಾಕ್ಕೊಂಡು ಹೋಗ್ಲಿ?’ ಎನ್ನುತ್ತಲೇ ಕನ್ನಡಿಯ ಮುಂದೆ ಬಂದು ನಿಂತ. ಅಷ್ಟು ವರ್ಷ ಆ ಕನ್ನಡಿಯ ಮುಂದೆ ಬೇರೆಯವರು ನಿಂತಿದ್ದನ್ನೇ ನೋಡಿದವನು. ಕೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಚಾಚಿದ, ಒಮ್ಮೆ ಮಡಿಸಿದ, ನನ್ನನ್ನು ನೋಡಿ ನಾಚಿಕೊಂಡು ನಕ್ಕ. ‘ನೆಟ್ಟಗೆ ನಿಲ್ಲೋ, ಮದುಮಗನ ಹಾಗೆ’ ಎಂದು ನಾನೂ ರೇಗಿಸಿದೆ. ತಮ್ಮ ಅವನ ಭುಜ ಅಳೆದ, ಬೆನ್ನು ಅಳೆದ. ಆಮೇಲೆ ಬಗ್ಗಿ ಒಳಗಾಲಿನ ಉದ್ದ ಅಳೆದ. ಕೋಟಿಗೆ ಕಾಲಿನ ಅಳತೆ ಯಾಕೆ ಎಂದು ನನಗೆ ಹೊಳೆಯಲಿಲ್ಲ. ಉದ್ದಣ್ಣನಿಗೆ ಹೊಳೆದಿರಬೇಕು, ‘ಪ್ಯಾಂಟೂ ಹೊಲೀತೀಯೇನೋ?’ ಎಂದು ಕೇಳಿದ. ಅವನ ಮುಖ ಇನ್ನಷ್ಟು ಅರಳಿತು.

ಸಂಜೆ ತಮ್ಮ ಮಹಡಿಗೆ ಬಂದು ಬಾಗಿಲು ಹಾಕಿಕೊಂಡ. ‘ಸರಿಹೋಯ್ತು ಅಕ್ಕಾ. ಕಾಲು, ಬೆನ್ನು, ಕಣ್ಣಿನ ಎತ್ತರ. ಬೆರಳಿನಷ್ಟೂ ವ್ಯತ್ಯಾಸ ಇಲ್ಲ. ಉದ್ದನೇ.’

‘ಅಯ್ಯೋ ಪಾಪಿ! ಅದಕ್ಕೇನೋ ಕೋಟು ಅಂದಿದ್ದು?’

‘ಇನ್ನೇನು, ಸುಮ್ನೆ ಅಳತೆ ಕೊಡು ಅಂದ್ರೆ ಕೊಡ್ತಿದ್ನಾ?’

‘ಅವನಿಗೆ ಸೈಕಲ್ ಬಿಟ್ರೆ ಇನ್ನೊಂದು ಬರಲ್ಲ. ಕಾರು ಕಟ್ಕೊಂಡು ಅವನೇನು ಮಾಡ್ತಾನೋ?’

‘ಅದೇ ನಾನೂ ಹೇಳ್ತಿರೋದು. ಓಡಿಸೋಕೆ ಬರಲ್ಲ, ಮೀಟರೂ ಓಡಿಲ್ಲ. ಶನಿವಾರ ಸೂಟು ತಂದು ಕೊಡ್ತಾನೆ, ಕೀಲಿ ಬಾಗಿಲ ಪಕ್ಕದಲ್ಲೇ ಇರುತ್ತೆ, ಇವಳು ಇಸ್ತ್ರಿ ಮಾಡ್ತಾ ಒಳಗಿರ್ತಾಳೆ. ಹೋಗಿ ಕೂರ್ತಾನೆ. ಇವತ್ತು ಕಾರಿನ ಸೀಟು, ನಾಳೆ ಅಂಗಡಿ. ಗಿರಾಕಿಗಳೆಲ್ಲ ಅವನಿಗೆ ನಮಸ್ಕಾರ ಹೊಡೆಯೋದು ನೋಡಿಲ್ವಾ ನೀನು?’

ನಾನು ಬಾಯಿಗೆ ಬಂದಂತೆ ಬೈದೆ. ಉದ್ದ ಕಾಲಿನವರು ಊರಲ್ಲಿ ಅವನೊಬ್ಬನೇ ಏನೋ ಎಂದೆ. ಬಾಯಿ ಬಿಟ್ಟು ಅವನನ್ನೇ ಕೇಳಿಬಿಡು ಎಂದೆ. ‘ಕೇಳಿದ್ರೆ ಇಲ್ಲ ಅಂತಾನೆ. ಇಲ್ಲ ಅನ್ನೋಕೆ ಏನು ಕಷ್ಟ?’ ಎಂದ. ಇಂಥವನ ಹತ್ತಿರ ವಾದ ಮಾಡುವುದುಂಟೇ? ಆದರೂ ಅಂದು ನನಗೆ ಊಟ ಸೇರಲಿಲ್ಲ. ಅವನ ಅನುಮಾನ ಇಷ್ಟು ದಿನ ಹಾಲಿನ ಮೇಲೆ, ಮಾತ್ರೆಯ ಮೇಲೆ, ದಲ್ಲಾಳಿಯ ಮೇಲೆ ಇತ್ತು. ಅದನ್ನು ನಗೆಯಾಡಿ ದಾಟಿಸಬಹುದಿತ್ತು. ಈಗ ಅದು ಹೋಗಿ ಕೂತದ್ದು, ಇಡೀ ಜಗತ್ತಿನಲ್ಲಿ ಅವನಿಗಿದ್ದ ಒಬ್ಬನೇ ಗೆಳೆಯನ ಮೇಲೆ.

ಶನಿವಾರ ತಮ್ಮ ಇನ್ನೊಂದು ಘನಕಾರ್ಯ ಮಾಡಿದ. ಬಟ್ಟೆಗೆ ಗೆರೆ ಹಾಕುವ ಹಳದಿ ಸೀಮೆಸುಣ್ಣವನ್ನು ಪುಡಿ ಮಾಡಿ ಕಾರಿನ ಸೀಟಿಗೆ ಸವರಿದ. ಕಪ್ಪು ಚರ್ಮದ ಮೇಲೆ ಹತ್ತಿರದಿಂದ ನೋಡಿದರಷ್ಟೇ ಕಾಣಬೇಕು, ಅಷ್ಟು ತೆಳುವಾಗಿ. ಕೂತವನ ಪ್ಯಾಂಟಿಗೆ ಅಂಟಬೇಕು, ಕಳ್ಳ ಸಿಗಬೇಕು. ಮಧ್ಯಾಹ್ನ ಉದ್ದಣ್ಣ ಎಂದಿನಂತೆ ಸೂಟು ತಂದುಕೊಟ್ಟು, ನನ್ನ ಕೈಯ ಚಹಾ ಕುಡಿದು, ಅಂಗಡಿಗೆ ಮರಳಿದ. ಅವನ ಪ್ಯಾಂಟಿನ ಹಿಂದೆ ಹಳದಿ ಗುರುತು. ಇರದೆ ಏನು! ದಿನವಿಡೀ ಆ ಸೀಮೆಸುಣ್ಣದಲ್ಲೇ ಕೈಯಾಡಿಸುವವನು, ಕೈಯನ್ನು ಒರೆಸಿಕೊಳ್ಳುವುದು ಪ್ಯಾಂಟಿನ ಹಿಂದೆ. ಅವನ ಮೈಮೇಲೆ ಸೀಮೆಸುಣ್ಣ ಇಲ್ಲದ ದಿನವನ್ನು ನಾನು ಕಂಡಿಲ್ಲ. ತಮ್ಮನೂ ಕಂಡಿಲ್ಲ. ಆದರೆ ಆ ಹೊತ್ತು ಅವನ ಕಣ್ಣಿಗೆ ಕಂಡದ್ದು ಹಳದಿ ಒಂದೇ.

ಅಂಗಡಿಯಲ್ಲಿ ಒಬ್ಬ ವಕೀಲರು ಅರ್ಧ ಹೊಲಿದ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದರಂತೆ. ಅವರ ಎದುರಿಗೇ ತಮ್ಮ, ‘ನನ್ನ ಕಾರಲ್ಲಿ ಕೂತು ಏನೋ ಮಾಡ್ತೀಯ ನೀನು?’ ಎಂದು ಕೇಳಿದ. ಉದ್ದಣ್ಣನಿಗೆ ಮೊದಲು ತಮಾಷೆ ಎನಿಸಿತು, ನಕ್ಕನಂತೆ. ತಮ್ಮ ಒಂದೊಂದಾಗಿ ಹೇಳಿದ. ಶನಿವಾರದ ಕೀಲಿ, ಹಿಂದೆ ಸರಿದ ಸೀಟು, ಸೀಟಿನ ಅಳತೆ, ಅವನ ಕಾಲಿನ ಅಳತೆ, ಹಳದಿ ಗುರುತು. ಕಾಲಿನ ಅಳತೆಯ ಮಾತು ಬಂದಾಗ ಉದ್ದಣ್ಣನ ನಗು ನಿಂತಿತು. ‘ಅದಕ್ಕೇನೋ ಅಳತೆ ತಗೊಂಡಿದ್ದು?’ ಎಂದು ಕೇಳಿದನಂತೆ. ತನ್ನ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಇಳಿದು ಹೋದ. ಕತ್ತರಿ ಅವನ ಸ್ವಂತದ್ದು. ಇದನ್ನೆಲ್ಲ ನನಗೆ ಹೇಳಿದವನು ತಮ್ಮನೇ, ಗೆದ್ದು ಬಂದವನ ದನಿಯಲ್ಲಿ.

ಮುಂದಿನ ವಾರ ಅಂಗಡಿ ನೋಡಬೇಕಿತ್ತು! ತಮ್ಮನೇ ಕತ್ತರಿಸಲು ಹೋಗಿ ಒಂದು ಒಳ್ಳೆಯ ಬಟ್ಟೆಯ ತೋಳು ಗಿಡ್ಡವಾಯಿತು. ಬಂದವರೆಲ್ಲ ‘ಮಾಸ್ಟರ್ ಎಲ್ಲಿ?’ ಎಂದೇ ಕೇಳುತ್ತಿದ್ದರು. ಶನಿವಾರ ಸೂಟುಗಳನ್ನು ಇವನೇ ಹೊತ್ತು ತಂದು ಮನೆಗೆ ಹಾಕಿ ಹೋದ. ಭಾನುವಾರ ಬೆಳಿಗ್ಗೆ ಕಾರಿನ ಬಾಗಿಲು ತೆಗೆದು ನೋಡಿದರೆ ಸೀಟು ಹಿಂದಕ್ಕೆ ಹೋಗಿತ್ತು.

ಅವನು ಅಲ್ಲೇ ನಿಂತಿದ್ದ. ನಾನು ಮೆಟ್ಟಿಲಿಳಿದು ಬಂದೆ. ಇನ್ನಾದರೂ ತಲೆ ನೆಟ್ಟಗಾಗುತ್ತದೆ ಎಂದುಕೊಂಡರೆ, ಈ ಮಹಾನುಭಾವ ನನ್ನನ್ನೇ ಮೇಲಿಂದ ಕೆಳಕ್ಕೆ ನೋಡಿ, ‘ಅಕ್ಕಾ, ನೀನೂ ಸ್ವಲ್ಪ ಉದ್ದವೇ ಅಲ್ವಾ?’ ಎಂದ. ಕೈ ಆಗಲೇ ಕೊರಳಿನ ಟೇಪಿಗೆ ಹೋಗಿತ್ತು.

‘ಟೇಪು ತೆಗೆದ್ಯೋ, ಅದರಲ್ಲೇ ನಿನ್ನನ್ನ ಕಟ್ಟಿಹಾಕಿ ಬಿಡ್ತೀನಿ!’ ಎಂದೆ. ಬೀದಿಗೆಲ್ಲ ಕೇಳಿಸಿರಬೇಕು. ‘ಅಳತೆ ತೆಗೆದಿದ್ದು ಸಾಕು. ಬರೋ ಶನಿವಾರ ಅಂಗಡಿ ಮುಚ್ಚು. ನನ್ನ ಕಿಟಕಿ ಹತ್ತಿರ ಬಂದು ಕೂತು, ಕಣ್ಣು ಬಿಟ್ಟು ನೋಡು.’

ಶನಿವಾರ ಇಬ್ಬರೂ ಕೂತೆವು. ಅವನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ಯಾರೂ ಬರಲಿಲ್ಲ. ಆಮೇಲೆ ತಮ್ಮನ ಹೆಂಡತಿ ತೋಳ ಮೇಲೆ ಎರಡು ಸೂಟು ಹಾಕಿಕೊಂಡು ಹೊರಗೆ ಬಂದಳು. ದೂರದಿಂದಲೇ ಕೀಲಿಯ ಗುಂಡಿ ಒತ್ತಿ, ಕಾರಿನ ಹಿಂದಿನ ಬಾಗಿಲು ತೆಗೆದಳು. ಮುಂದಿನ ಸೀಟು, ಯಾರೂ ಕೂರದ, ಯಾರೂ ಮುಟ್ಟದ ಸೀಟು, ತನ್ನಷ್ಟಕ್ಕೆ ನಿಧಾನವಾಗಿ ಹಿಂದಕ್ಕೆ ಸರಿಯಿತು. ಪಕ್ಕದ ಕನ್ನಡಿ ಮೆಲ್ಲನೆ ಮೇಲೆದ್ದಿತು. ಅವಳು ಸೂಟು ಮಲಗಿಸಿ, ಬಾಗಿಲು ಹಾಕಿ ಒಳಗೆ ಹೋದಳು. ನಾನು ತಮ್ಮನ ಮುಖ ನೋಡಲಿಲ್ಲ. ನೋಡಲು ನನಗೇ ಭಯವಾಯಿತು.

ಕೆಳಗಿಳಿದು ಕೇಳಿದರೆ ಅವಳಿಗೆ ಆಶ್ಚರ್ಯ. ‘ಹೌದು, ಪ್ರತಿ ಸಲ ಹಾಗೇ ಸರಿಯುತ್ತಲ್ಲ. ದೊಡ್ಡ ಕಾರುಗಳೆಲ್ಲ ಹಾಗೇ ಜಾಗ ಬಿಡುತ್ವೆ ಅಂದ್ಕೊಂಡಿದ್ದೆ’ ಎಂದಳು.

‘ಮುಂದಿನ ಸೀಟು ಮುಟ್ಟಿದ್ಯಾ ಅಂತ ಕೇಳಿದ್ನಲ್ಲೇ!’ ಎಂದ ತಮ್ಮ.

‘ನಾನೆಲ್ಲಿ ಮುಟ್ಟಿದೆ? ಅದೇ ಸರಿಯೋದು. ಸರಿಯುತ್ತಾ ಅಂತ ನೀವು ಕೇಳ್ಲಿಲ್ವಲ್ಲ. ಮಾಸ್ಟರ್ ಬಿಟ್ಟುಹೋಗಿದ್ದು ಇದಕ್ಕಾ?’ ಎನ್ನುತ್ತ ಅವಳು ಅಲ್ಲೇ ಕುಳಿತುಬಿಟ್ಟಳು. ಮಾಸ್ಟರ್ ಯಾಕೆ ಬರುತ್ತಿಲ್ಲವೆಂದು ಅವಳು ಕೇಳಿದಾಗ ಇವನು ಏನೋ ಹಾರಿಕೆಯ ಉತ್ತರ ಕೊಟ್ಟಿದ್ದನಂತೆ.

ಮೆಕ್ಯಾನಿಕ್ ವಿಷಯ ಬಿಡಿಸಿ ಹೇಳಿದ. ಇಂಥ ಕಾರುಗಳಲ್ಲಿ ಪ್ರತಿ ಕೀಲಿಯೂ ತನ್ನ ಯಜಮಾನನ ಸೀಟನ್ನು ನೆನಪಿಟ್ಟುಕೊಳ್ಳುತ್ತದೆ. ಗುಂಡಿ ಒತ್ತಿದ ತಕ್ಷಣ ಅವರ ಅಳತೆಗೆ ಸೀಟನ್ನೂ ಕನ್ನಡಿಯನ್ನೂ ಸರಿಸುತ್ತದೆ. ಎರಡನೇ ಕೀಲಿಯಲ್ಲಿ ಹಳೆಯ ಯಜಮಾನರ ನೆನಪು ಹಾಗೇ ಉಳಿದಿತ್ತು. ‘ಅವರು ಬಹಳ ಉದ್ದ ಇದ್ರಾ?’ ಎಂದು ಕೇಳಿದ ಮೆಕ್ಯಾನಿಕ್. ‘ನಿಮ್ಮ ಕೀಲೀಲಿ ಬ್ಯಾಟರಿ ಇದ್ದಿದ್ರೆ ನೀವು ಗುಂಡಿ ಒತ್ತಿದ ಕೂಡ್ಲೇ ಸೀಟು ನಿಮ್ಮ ಅಳತೆಗೆ ವಾಪಸು ಬರ್ತಿತ್ತು, ಈ ಗೊಂದಲವೇ ಇರ್ತಿರ್ಲಿಲ್ಲ. ಯಾರು ಸಾರ್ ತೆಗೆದಿದ್ದು?’ ನಾನು ಉತ್ತರ ಕೊಡುವವಳಿದ್ದೆ, ತಮ್ಮನ ಮುಖ ನೋಡಿ ನಾಲಿಗೆ ಕಚ್ಚಿಕೊಂಡೆ.

ಆಮೇಲೆ ಅವನು ಅಂಗಡಿಯಲ್ಲಿ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಒಂದು ಕೋಟು ಹೊಲಿಯಲು ಕೂತ. ಬೂದು ಬಣ್ಣದ, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಬಟ್ಟೆ. ತಾನೇ ಕತ್ತರಿಸಿದ. ಕಾಲರು ಬಿಚ್ಚಿ ಮತ್ತೆ ಹಾಕಿದ, ಭುಜ ಬಿಚ್ಚಿ ಮತ್ತೆ ಕೂರಿಸಿದ. ಹೊಲಿದು ಮುಗಿಸಿ, ‘ಅಕ್ಕಾ, ನೀನೂ ಬಾ’ ಎಂದ. ಒಬ್ಬನೇ ಹೋಗಲು ಅವನಿಗೆ ಧೈರ್ಯವಿರಲಿಲ್ಲ.

ಉದ್ದಣ್ಣನ ಮನೆ ಇರುವ ಓಣಿಯೊಳಗೆ ಆ ಕಾರು ಹೋಗುವುದಿಲ್ಲ. ಓಣಿಯ ಬಾಯಲ್ಲಿ ನಿಲ್ಲಿಸಿ ನಡೆದು ಹೋದೆವು. ಮುಂದಿನ ಕೋಣೆಯಲ್ಲಿ ಮಂಚವನ್ನು ಗೋಡೆಗೆ ಒರಗಿಸಿಟ್ಟು, ಆ ಜಾಗದಲ್ಲಿ ಹಲಗೆ ಹಾಕಿ ಕತ್ತರಿಸುವ ಮೇಜು ಮಾಡಿಕೊಂಡಿದ್ದ. ಯಾವುದೋ ಸಿದ್ಧ ಉಡುಪಿನ ಕಾರ್ಖಾನೆಗೆ ಅಂಗಿಯ ಕಾಲರುಗಳನ್ನು ಕತ್ತರಿಸಿ ಕೊಡುತ್ತಿದ್ದ. ಎಂಥ ಕೈ, ಎಂಥ ಕೆಲಸ! ನನ್ನನ್ನು ನೋಡಿ, ‘ಬಾ ಅಕ್ಕಾ’ ಎಂದು ಕುರ್ಚಿ ಒರೆಸಿ ಕೊಟ್ಟ. ತಮ್ಮನಿಗೆ ಇನ್ನೊಂದು ಕುರ್ಚಿ ಎಳೆದ ಅಷ್ಟೇ. ಅವನ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದಳು.

ತಮ್ಮ ನಡೆದದ್ದೆಲ್ಲ ಹೇಳಿದ. ಸೀಟು ತಾನೇ ಸರಿದದ್ದು, ಹಳೆಯ ಯಜಮಾನ, ಮೆಕ್ಯಾನಿಕ್. ತಡವರಿಸಿ ತಡವರಿಸಿ, ‘ಎಲ್ಲಾ ಆ ಕೀಲಿಯಿಂದ ಆಗಿದ್ದು ಕಣೋ’ ಎಂದು ಮುಗಿಸಿದ.

‘ಕೀಲಿ ನನ್ನನ್ನ ಯಾವತ್ತೂ ನೋಡಿರ್ಲಿಲ್ಲ,’ ಎಂದ ಉದ್ದಣ್ಣ, ‘ನೀನು ನೋಡಿದ್ದೆ.’

ತಮ್ಮ ಕೋಟನ್ನು ಮುಂದೆ ಹಿಡಿದ. ಉದ್ದಣ್ಣ ತೆಗೆದುಕೊಂಡ, ಬೇಡ ಎನ್ನುವ ಜಾತಿಯವನಲ್ಲ ಅವನು. ಮೊದಲು ಅದನ್ನು ತಿರುವಿ ಒಳಹೊಲಿಗೆ ನೋಡಿದ, ಆಮೇಲೆ ಹಾಕಿಕೊಂಡ. ಭುಜ ಬಂದು ಕೂತ ರೀತಿ ನೋಡಿ ನನ್ನ ಕಣ್ಣು ತುಂಬಿತು. ‘ಚೆನ್ನಾಗಿ ಬಂದಿದೆ. ಬಗಲಲ್ಲಿ ಸ್ವಲ್ಪ ಬಿಗಿ ಆಗಿದೆ, ಪರವಾಗಿಲ್ಲ’ ಎಂದ.

‘ಬಂದ್ಬಿಡೋ,’ ಎಂದ ತಮ್ಮ. ‘ಮೇಜು ಹಾಗೇ ಇದೆ. ನೀನಿಲ್ದೆ ನನಗೆ ಅಂಗಡೀಲಿ ಕೂರೋಕೇ ಆಗ್ತಿಲ್ಲ. ಕಾಲಿಗೆ ಬೀಳು ಅಂದ್ರೆ ಬೀಳ್ತೀನಿ.’

‘ಛೆ ಛೆ, ಕಾಲಿಗೆ ಯಾಕೆ ಬೀಳ್ತೀಯ?’ ಉದ್ದಣ್ಣ ಕೋಟು ತೊಟ್ಟುಕೊಂಡೇ ಅವನ ಎದುರು ಕೂತ. ‘ಬರ್ತೀನಿ. ನಂಗೂ ಈ ಕಾಲರು ಕತ್ತರಿಸಿ ಸಾಕಾಗಿದೆ. ಒಂದೇ ಒಂದು ಮಾತು ಹೇಳು. ನಾಳೆ ಅಂಗಡೀಲಿ ಏನೋ ಒಂದು ಕಾಣದೇ ಹೋಗುತ್ತೆ ಅಂತ ಇಟ್ಕೋ. ಆಗ ನಿನ್ನ ಮನಸ್ಸು ನನ್ನ ಕಡೆ ತಿರುಗಲ್ಲ ಅಂತ ಹೇಳು. ಅಷ್ಟು ಸಾಕು. ಈಗ್ಲೇ ಚಪ್ಪಲಿ ಮೆಟ್ಕೊಂಡು ನಿನ್ನ ಜೊತೆ ಬರ್ತೀನಿ.’

ಇಷ್ಟೇನಾ ಎನಿಸಿತು ನನಗೆ. ಹೇಳೋ ಪೆದ್ದೇ, ಬೇಗ ಹೇಳು ಎಂದು ಮನಸ್ಸಿನಲ್ಲೇ ಕೂಗಿಕೊಂಡೆ. ತಮ್ಮ ಬಾಯಿ ತೆರೆದ. ಉದ್ದಣ್ಣ ಅವನನ್ನೇ ನೋಡುತ್ತಿದ್ದ. ಒಳಗೆ ಪಾತ್ರೆಯ ಸದ್ದೂ ನಿಂತಿತು, ಅವನ ಹೆಂಡತಿಯೂ ಕಿವಿಗೊಟ್ಟಿರಬೇಕು. ತಮ್ಮನ ತುಟಿ ಒಮ್ಮೆ ಅಲುಗಿತು. ಆಮೇಲೆ ಅವನು ಬಾಯಿ ಮುಚ್ಚಿ, ತಲೆ ತಗ್ಗಿಸಿ, ತನ್ನ ಕೈಗಳನ್ನೇ ನೋಡುತ್ತ ಕುಳಿತುಬಿಟ್ಟ. ಉದ್ದಣ್ಣ ಬಹಳ ಹೊತ್ತು ಕಾದ. ಅಷ್ಟು ಹೊತ್ತು ನಾನಾಗಿದ್ದರೆ ಕಾಯುತ್ತಿರಲಿಲ್ಲ. ಕೊನೆಗೆ ಎದ್ದು ಕೋಟು ಬಿಚ್ಚಿ ಗೂಟಕ್ಕೆ ತೂಗುಹಾಕಿ, ‘ಚಹಾ ಆರ್ತಿದೆ, ಕುಡೀರಿ’ ಎಂದ.

ಓಣಿಯಲ್ಲಿ ವಾಪಸು ಬರುವಾಗ ನನಗೆ ತಡೆಯಲಾಗಲಿಲ್ಲ. ಅವನ ರಟ್ಟೆ ಹಿಡಿದು ನಿಲ್ಲಿಸಿದೆ. ‘ಏನೋ ದಾಡಿ ನಿನಗೆ? ಸುಳ್ಳೋ ನಿಜವೋ, ಒಂದು ಮಾತು ಹೇಳಿಬಿಡೋಕೆ ಆಗಲಿಲ್ವಾ?’

ಅವನು ಅಳುತ್ತಿದ್ದ. ಅಪ್ಪ ಹೋದಾಗಲೂ ನಾನು ಅವನನ್ನು ಹಾಗೆ ನೋಡಿರಲಿಲ್ಲ.

‘ಹೇಳಿದ್ದಿದ್ರೆ ಅವನು ನಂಬಿಬಿಡ್ತಿದ್ದ ಅಕ್ಕಾ’ ಎಂದ.